ನೆತ್ತರಿನ ಋಣ

ಮೈಸೂರು ಸೀಮೆಯ ಹಳೆಯ ಊರುಗಳಲ್ಲಿ ಕೆರೆಯ ಏರಿಯ ಮೇಲೋ, ದೇವಾಲಯದ ಬದಿಯಲ್ಲೋ ನಿಂತಿರುವ ವೀರಗಲ್ಲುಗಳನ್ನು ನೀವೆಲ್ಲ ನೋಡಿರುತ್ತೀರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ನಮ್ಮ ಕಣ್ಣು ಸಾಮಾನ್ಯವಾಗಿ ಈ ಶಿಲ್ಪದ ಮೇಲೆಯೇ ನಿಂತುಬಿಡುತ್ತದೆ. ಆದರೆ ಹಲವು ಕಲ್ಲುಗಳ ಬರಹದ ಕೊನೆಯಲ್ಲಿ ಇನ್ನೊಂದು ಮಾತೂ ಇರುತ್ತದೆ. ಸತ್ತವನ ಮನೆಯವರಿಗೆ ಇಷ್ಟು ಗದ್ದೆ, ಇಷ್ಟು ಬೆದ್ದಲು ಬಿಟ್ಟಿದೆ ಎಂಬ ಮಾತು ಅದು. ಹೀಗೆ ಬಿಟ್ಟ ಭೂಮಿಗೆ ಶಾಸನಗಳು ಇಟ್ಟ ಹೆಸರು ನೆತ್ತರುಗೊಡಗೆ. ನೆತ್ತರು ಚೆಲ್ಲಿದುದಕ್ಕೆ ಕೊಟ್ಟ ಕೊಡುಗೆ. ಬೆಂಗಳೂರಿನ ಬೇಗೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 900ರ ಪ್ರಸಿದ್ಧ ಶಾಸನದಲ್ಲಿಯೂ ಇಂಥದೇ ಸಂಗತಿಯಿದೆ. ಗಂಗರ ಎರೆಯಪ್ಪನ ಪರವಾಗಿ ಕಾದಿ ಮಡಿದ ನಾಗತ್ತರನ ಪಟ್ಟವನ್ನು ಅರಸನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು ಅದು ಹೇಳುತ್ತದೆ.

ಈ ಪದ್ಧತಿಯನ್ನು ಹಾಡಿ ಹೊಗಳುವುದು ನನ್ನ ಉದ್ದೇಶವಲ್ಲ. ಅದು ಕತ್ತಿ ಹಿಡಿದು ಸತ್ತವನಿಗೆ ಸಲ್ಲುತ್ತಿದ್ದ ಮರ್ಯಾದೆ. ದಾರಿಯಲ್ಲಿ ಹೋಗುತ್ತಿದ್ದು ಪೆಟ್ಟಿಗೆ ಸಿಕ್ಕಿ ಸತ್ತವನ ಮನೆಯವರನ್ನು ಅದು ಕೇಳುತ್ತಿರಲಿಲ್ಲ. ಆದರೂ ಅದರಲ್ಲಿ ಗಮನಿಸತಕ್ಕ ಎರಡು ಅಂಶಗಳುಂಟು. ಮೊದಲನೆಯದು, ಕೊಟ್ಟದ್ದು ಭೂಮಿ. ಎಂದರೆ ಒಂದು ದಿನದ ಸಾಂತ್ವನವಲ್ಲ, ವರ್ಷ ವರ್ಷವೂ ಮನೆಗೆ ಬರುವ ಅನ್ನ. ಎರಡನೆಯದು, ಕೊಟ್ಟದ್ದನ್ನು ಕಲ್ಲಿನ ಮೇಲೆ ಬರೆದರು. ಎಂದರೆ ಮುಂದೆ ಬರುವ ಅಧಿಕಾರಿಯ ಮನಸ್ಸು ಹೇಗಿದ್ದರೂ ಆ ಮನೆಯವರು ಅದನ್ನು ತೋರಿಸಿ ಕೇಳಬಹುದಾಗಿತ್ತು.

ಭಯೋತ್ಪಾದಕರ ಕೃತ್ಯಗಳಿಗೆ ಬಲಿಯಾದವರ ಕುಟುಂಬಗಳಿಗೆ ನಮ್ಮ ಸರ್ಕಾರಗಳು ಕೊಡುವ ಪರಿಹಾರದಲ್ಲಿ ಈ ಎರಡು ಗುಣಗಳು ಎಷ್ಟರಮಟ್ಟಿಗೆ ಇವೆ? ಇಂದು ನಾನು ವಿಚಾರ ಮಾಡಬೇಕೆಂದಿರುವುದು ಈ ಪ್ರಶ್ನೆಯನ್ನು.

ಇದು ಕಾಶ್ಮೀರಕ್ಕೋ ಮುಂಬಯಿಗೋ ಸೇರಿದ ಪ್ರಶ್ನೆ, ಶಾಂತವಾದ ನಮ್ಮ ಮೈಸೂರಿಗೆ ಅದರ ಗೊಡವೆಯೇಕೆ ಎಂದು ಯಾರಾದರೂ ಕೇಳಬಹುದು. 2016ರ ಆಗಸ್ಟ್ 1ರ ಮಧ್ಯಾಹ್ನ ಮೈಸೂರಿನ ನ್ಯಾಯಾಲಯ ಸಂಕೀರ್ಣದ ಶೌಚಾಲಯದಲ್ಲಿ ಬಾಂಬು ಸಿಡಿಯಿತು. ದೈವಕೃಪೆಯಿಂದ ಪ್ರಾಣಹಾನಿಯಾಗಲಿಲ್ಲ. ರಾಷ್ಟ್ರೀಯ ತನಿಖಾ ದಳದ ವಿಶೇಷ ನ್ಯಾಯಾಲಯವು 2021ರಲ್ಲಿ ಮೂವರನ್ನು ಅಪರಾಧಿಗಳೆಂದು ನಿರ್ಣಯಿಸಿ ಶಿಕ್ಷೆ ವಿಧಿಸಿತು. ಆರು ವರ್ಷಗಳ ತರುವಾಯ, 2022ರ ನವೆಂಬರ್ 19ರಂದು, ಮಂಗಳೂರಿನಲ್ಲಿ ಆಟೋರಿಕ್ಷಾ ಒಂದರೊಳಗೆ ಕುಕ್ಕರಿನಲ್ಲಿ ಅಡಗಿಸಿದ್ದ ಸ್ಫೋಟಕ ಸಿಡಿಯಿತು. ಅದನ್ನು ಒಯ್ಯುತ್ತಿದ್ದ ಆರೋಪಿ ನಮ್ಮ ಮೈಸೂರಿನಲ್ಲಿಯೇ ಬಾಡಿಗೆಗೆ ಮನೆ ಹಿಡಿದಿದ್ದನೆಂಬುದು ತನಿಖೆಯಿಂದ ಹೊರಬಿತ್ತು. ಏನೂ ಅರಿಯದೆ ಬಾಡಿಗೆಗೆ ಗಾಡಿ ಓಡಿಸುತ್ತಿದ್ದ ಚಾಲಕರು ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರು.

ಇವೆರಡಕ್ಕೂ ಹಿಂದಿನ ಕಥೆಯೊಂದಿದೆ. ಚಾಮರಾಜನಗರವು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ಮಲೆಯ ಮಹದೇಶ್ವರ ಬೆಟ್ಟದ ಕಾಡುಗಳು ಮೈಸೂರು ಜಿಲ್ಲೆಗೇ ಸೇರಿದ್ದವು. 1992ರ ಆಗಸ್ಟ್ 14ರಂದು ಮೈಸೂರು ಜಿಲ್ಲೆಯ ಪೊಲೀಸ್ ಸೂಪರಿಂಟೆಂಡೆಂಟ್ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಸಂಗಡಿಗರು ವೀರಪ್ಪನ್ ತಂಡದ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರಿನ ಹತ್ತಿರ ನೆಲಬಾಂಬುಗಳು ಸಿಡಿದು 22 ಜನ ಸತ್ತರು. ಆ ಮೊಕದ್ದಮೆಗಳು ಭಯೋತ್ಪಾದನೆ ತಡೆಯುವ ಅಂದಿನ ಕಾಯಿದೆಯಾದ ಟಾಡಾ ಮೇರೆಗೆ ನಡೆದದ್ದು ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ; ತೀರ್ಪು ಬಂದದ್ದು 2001ರಲ್ಲಿ. ಆದ್ದರಿಂದ ಈ ವಿಷಯದಲ್ಲಿ ಮಾತನಾಡಲು ಮೈಸೂರಿನವರಿಗೆ ಹಕ್ಕೂ ಉಂಟು, ಹೊಣೆಯೂ ಉಂಟು.

ಪಾಲಾರಿನಲ್ಲಿ ಸತ್ತವರಲ್ಲಿ ಪೊಲೀಸರಿದ್ದರು, ಅರಣ್ಯ ಸಿಬ್ಬಂದಿಯವರಿದ್ದರು. ಅವರೊಡನೆ ಮಾಹಿತಿ ಕೊಡಲು, ದಾರಿ ತೋರಲು ಹೊರಟಿದ್ದ ಸಾಮಾನ್ಯ ಜನರೂ ಇದ್ದರು. ಸರ್ಕಾರಿ ನೌಕರನು ಕರ್ತವ್ಯದ ಮೇಲೆ ಮಡಿದರೆ ಅವನ ಕುಟುಂಬಕ್ಕೆ ಸೇವಾನಿಯಮಗಳ ಪ್ರಕಾರ ಪಿಂಚಣಿಯುಂಟು, ಅನುಕಂಪದ ಆಧಾರದ ನೌಕರಿಯುಂಟು. ಹೋದ ಜೀವ ಅದರಿಂದ ಮರಳುವುದಿಲ್ಲ. ಆದರೂ ಮನೆಯ ಒಲೆ ಆರುವುದಿಲ್ಲ. ಅದೇ ವಾಹನದಲ್ಲಿ, ಅದೇ ಕ್ಷಣದಲ್ಲಿ ಸತ್ತ ಕೂಲಿಕಾರನಿಗೆ ಸೇವಾಪುಸ್ತಕವೆಂಬುದಿಲ್ಲ. ಅವನ ಹೆಂಡತಿ ಮಕ್ಕಳು ಏನನ್ನು ತೋರಿಸಿ ಕೇಳಬೇಕು?

ಅವರು ತಟ್ಟಬಹುದಾದ ಬಾಗಿಲುಗಳು ಈಗ ಮೂರು ಇವೆ. ಅವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ದುರಂತ ನಡೆದ ಮರುದಿನ ಮುಖ್ಯಮಂತ್ರಿಗಳೋ ಪ್ರಧಾನಮಂತ್ರಿಗಳೋ ಘೋಷಿಸುವ ಹಣ. ಇದನ್ನು ಕಚೇರಿಗಳಲ್ಲಿ ‘ಎಕ್ಸ್‌ಗ್ರೇಷಿಯಾ’ ಎನ್ನುತ್ತಾರೆ. ಆ ಲ್ಯಾಟಿನ್ ಮಾತಿಗೆ ‘ಕೃಪೆಯಿಂದ’ ಎಂದು ಅರ್ಥ. ಹೆಸರೇ ಹೇಳುವಂತೆ ಇದು ಹಕ್ಕಲ್ಲ, ಅನುಗ್ರಹ. ಎಷ್ಟು ಕೊಡಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ.

ಎರಡನೆಯದು, ಕೇಂದ್ರ ಗೃಹ ಸಚಿವಾಲಯದ ನೆರವಿನ ಯೋಜನೆ. ಭಯೋತ್ಪಾದನೆ ಮತ್ತು ಕೋಮುಗಲಭೆಗಳಲ್ಲಿ ಸತ್ತವರ ಕುಟುಂಬಗಳಿಗಾಗಿ 2008ರಲ್ಲಿ ಇದು ಜಾರಿಗೆ ಬಂದಿತು. ಆಗ ಗೊತ್ತುಮಾಡಿದ ಮೊತ್ತ 3 ಲಕ್ಷ ರೂಪಾಯಿ. 2016ರಲ್ಲಿ ಅದನ್ನು 5 ಲಕ್ಷಕ್ಕೆ ಏರಿಸಲಾಯಿತು. ಶೇಕಡಾ 50 ಅಥವಾ ಅದಕ್ಕಿಂತ ಹೆಚ್ಚಿನ ಶಾಶ್ವತ ಅಂಗವೈಕಲ್ಯ ಉಂಟಾದವರಿಗೂ ಇದು ಸಲ್ಲುತ್ತದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯು ಅರ್ಹರನ್ನು ಗುರುತಿಸುತ್ತದೆ. ಹಣವನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಟ್ಟು, ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಕುಟುಂಬದ ಖಾತೆಗೆ ಹಾಕುವ ಏರ್ಪಾಡಾಯಿತು. ಬಂದ ಹಣ ಒಂದೇ ಸಲಕ್ಕೆ ಸಾಲಗಾರರ ಪಾಲಾಗದಿರಲೆಂಬ ಆ ಎಚ್ಚರ ಮೆಚ್ಚತಕ್ಕದ್ದು.

ಮೂರನೆಯದು ಅಪರಾಧಕ್ಕೆ ಒಳಗಾದ ಎಲ್ಲರಿಗೂ ಅನ್ವಯಿಸುವ ಪರಿಹಾರ. ದಂಡ ಪ್ರಕ್ರಿಯಾ ಸಂಹಿತೆಗೆ 357ಎ ಎಂಬ ಕಲಮನ್ನು ಸೇರಿಸಿ 2009ರ ಕೊನೆಯಲ್ಲಿ ಇದನ್ನು ಜಾರಿಗೆ ತಂದರು. ಅದರ ಮೇರೆಗೆ ಕರ್ನಾಟಕ ಸರ್ಕಾರವು 2011ರಲ್ಲಿ ತನ್ನ ಯೋಜನೆಯನ್ನು ರೂಪಿಸಿತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಕಲಮು ಆ ಸ್ಥಾನದಲ್ಲಿದೆ. ಇದರ ಒಂದು ಗುಣವನ್ನು ಕೇಳುಗರು ತಿಳಿದಿರುವುದು ಒಳ್ಳೆಯದು. ಅಪರಾಧಿ ಯಾರೆಂದು ಪತ್ತೆಯೇ ಆಗದಿದ್ದರೂ, ವಿಚಾರಣೆಯೇ ನಡೆಯದಿದ್ದರೂ ನೊಂದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಪ್ರಾಧಿಕಾರವು ಎರಡು ತಿಂಗಳೊಳಗೆ ವಿಚಾರಣೆಯನ್ನು ಮುಗಿಸಬೇಕು. ಪ್ರಥಮ ಚಿಕಿತ್ಸೆಯನ್ನಾಗಲಿ ತಾತ್ಕಾಲಿಕ ನೆರವನ್ನಾಗಲಿ ಕೂಡಲೇ ಕೊಡಿಸುವ ಅಧಿಕಾರವೂ ಅದಕ್ಕೆ ಉಂಟು.

ಬಾಗಿಲುಗಳು ಇಷ್ಟಿರುವಾಗ ಕೊರತೆಯೆಲ್ಲಿ? ಮೊದಲ ಕೊರತೆ ಸಮಾನತೆಯದು. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮಿನಲ್ಲಿ ಪ್ರವಾಸಿಗಳ ಮೇಲೆ ಗುಂಡು ಹಾರಿಸಿ 26 ಜನರನ್ನು ಕೊಂದರು. ಸತ್ತವರಲ್ಲಿ ಕನ್ನಡಿಗರೂ ಇದ್ದರು. ಜಮ್ಮು ಮತ್ತು ಕಾಶ್ಮೀರದ ಸರ್ಕಾರವು ಪ್ರತಿ ಕುಟುಂಬಕ್ಕೂ 10 ಲಕ್ಷ ರೂಪಾಯಿ ಘೋಷಿಸಿತು. ಅದಲ್ಲದೆ ಸತ್ತವರ ತವರಿನ ಸರ್ಕಾರಗಳು ತಾವೂ ಕೊಡಮಾಡಿದವು. ಕರ್ನಾಟಕವು ತನ್ನ ಜನರ ಕುಟುಂಬಕ್ಕೆ ತಲಾ 10 ಲಕ್ಷ, ಒಡಿಶಾ 20 ಲಕ್ಷ, ಮಹಾರಾಷ್ಟ್ರ 50 ಲಕ್ಷ. ಕೊಟ್ಟವರ ಔದಾರ್ಯವನ್ನು ನಾನು ಕಡಿಮೆಯೆಂದು ಹೇಳುತ್ತಿಲ್ಲ. ಆದರೆ ಒಂದೇ ಹುಲ್ಲುಗಾವಲು, ಒಂದೇ ದಿನ, ಒಂದೇ ಗುಂಪಿನ ಗುಂಡು. ಹಾಗಿದ್ದೂ ಒಬ್ಬ ವಿಧವೆಗೆ ಇಷ್ಟು, ಇನ್ನೊಬ್ಬಳಿಗೆ ಅದರ ಐದರಷ್ಟು ಆದದ್ದು ಯಾವ ತತ್ತ್ವದ ಮೇಲೆ? ಕೃಪೆಗೆ ತತ್ತ್ವ ಬೇಕಿಲ್ಲ ಎಂಬುದೇ ಇದಕ್ಕೆ ಉತ್ತರ. ದೇಶದ ಗಮನವನ್ನೆಲ್ಲ ಸೆಳೆದ ದುರಂತದಲ್ಲಿಯೇ ಹೀಗಾದರೆ, ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಮುಗಿದುಹೋಗುವ ಸಾವಿನ ಗತಿಯನ್ನು ಊಹಿಸಿಕೊಳ್ಳಬಹುದು.

ಎರಡನೆಯ ಕೊರತೆ ಅಳತೆಯದು. ಅದನ್ನು ತಿಳಿಯಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಮೈಸೂರಿನಲ್ಲಿ ಒಬ್ಬ ಆಟೋ ಚಾಲಕನಿದ್ದಾನೆಂದು ಭಾವಿಸಿ. ವಯಸ್ಸು 34. ತಿಂಗಳ ಸಂಪಾದನೆ 20,000 ರೂಪಾಯಿ. ಅವನನ್ನು ನಂಬಿರುವವರು ತಾಯಿ, ಹೆಂಡತಿ, ಇಬ್ಬರು ಮಕ್ಕಳು, ಒಟ್ಟು ನಾಲ್ವರು. ಅವನು ಲಾರಿಯೊಂದಕ್ಕೆ ಸಿಕ್ಕಿ, ತನ್ನ ತಪ್ಪಿಲ್ಲದೆ ಸತ್ತನೆನ್ನಿ. ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣವು ಹೇಗೆ ಲೆಕ್ಕ ಹಾಕುತ್ತದೆ? ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಸರಳಾ ವರ್ಮಾ ಮೊಕದ್ದಮೆಯಲ್ಲಿಯೂ 2017ರಲ್ಲಿ ಪ್ರಣಯ್ ಸೇಠಿ ಮೊಕದ್ದಮೆಯಲ್ಲಿಯೂ ಇದಕ್ಕೊಂದು ಸ್ಪಷ್ಟವಾದ ಕ್ರಮವನ್ನು ಹಾಕಿಕೊಟ್ಟಿದೆ. ಮುಂದೆ ಸಂಪಾದನೆ ಬೆಳೆಯುತ್ತಿತ್ತೆಂದು ಶೇಕಡಾ 40ನ್ನು ಕೂಡಿಸಬೇಕು, 28,000 ಆಯಿತು. ಅವನ ಸ್ವಂತ ಖರ್ಚಿಗೆಂದು ಕಾಲುಭಾಗವನ್ನು ಕಳೆಯಬೇಕು, 21,000 ಉಳಿಯಿತು. ವರ್ಷಕ್ಕೆ 2,52,000. ಆ ವಯಸ್ಸಿಗೆ ಗೊತ್ತುಮಾಡಿರುವ ಗುಣಕ 16. ಗುಣಿಸಿದರೆ 40,32,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆಯ ವೆಚ್ಚ, ಸಂಗಾತಿಯನ್ನು ಕಳೆದುಕೊಂಡ ನಷ್ಟ ಇತ್ಯಾದಿ.

ಅದೇ ಚಾಲಕ ಅದೇ ರಸ್ತೆಯಲ್ಲಿ ಬಾಂಬಿಗೆ ಸಿಕ್ಕಿ ಸತ್ತನೆನ್ನಿ. ಕೇಂದ್ರದ ಯೋಜನೆಯ ಪ್ರಕಾರ ಅವನ ಮನೆಯವರಿಗೆ 5 ಲಕ್ಷ. ನೂರಕ್ಕೆ ಏಳರಂತೆ ಬಡ್ಡಿ ಬಂದರೂ ವರ್ಷಕ್ಕೆ 35,000. ತಿಂಗಳಿಗೆ ಮೂರು ಸಾವಿರವೂ ಆಗುವುದಿಲ್ಲ. ಲಾರಿಯಿಂದ ಸತ್ತರೆ ಅವನ ಬದುಕಿನ ಲೆಕ್ಕ ಹಾಕುತ್ತೇವೆ. ಬಾಂಬಿನಿಂದ ಸತ್ತರೆ ಒಂದು ಇಡಿಗಂಟನ್ನು ಕೈಯಲ್ಲಿಡುತ್ತೇವೆ.

ಇನ್ನೂ ವಿಚಿತ್ರವಾದ ಸಂಗತಿ ರೈಲ್ವೆ ಕಾಯಿದೆಯಲ್ಲಿದೆ. ಟಿಕೆಟು ಪಡೆದ ಪ್ರಯಾಣಿಕನೊಬ್ಬ ರೈಲಿನಲ್ಲಾಗಲಿ ನಿಲ್ದಾಣದ ಆವರಣದಲ್ಲಾಗಲಿ ಭಯೋತ್ಪಾದಕ ಕೃತ್ಯದಿಂದ ಸತ್ತರೆ, ರೈಲ್ವೆಯ ತಪ್ಪು ಇರಲಿ ಇಲ್ಲದಿರಲಿ, ಅವನ ಅವಲಂಬಿತರಿಗೆ ಪರಿಹಾರ ಪಡೆಯುವ ಹಕ್ಕನ್ನು 1994ರಲ್ಲಿ ಸೇರಿಸಿದ ಕಲಮು ಕೊಟ್ಟಿದೆ. 2017ರ ಜನವರಿಯಿಂದ ಆ ಮೊತ್ತ 8 ಲಕ್ಷ ರೂಪಾಯಿ. ಅದು ಯಾರ ಕೃಪೆಯೂ ಅಲ್ಲ. ನ್ಯಾಯಾಧಿಕರಣದ ಮುಂದೆ ನಿಂತು ಕೇಳಿ ಪಡೆಯುವ ಹಕ್ಕು. ಮೈಸೂರು ರೈಲುನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಸತ್ತವನಿಗೆ ಇರುವ ಈ ಹಕ್ಕು, ನಿಲ್ದಾಣದ ಹೊರಗೆ ರಸ್ತೆ ದಾಟುತ್ತಾ ಸತ್ತವನಿಗೆ ಇಲ್ಲ. ಕಾಯಿದೆಯಿಂದ ಇದು ಸಾಧ್ಯವೆಂದು ನಾವೇ ಒಪ್ಪಿಕೊಂಡಿರುವಾಗ, ಆ ಆವರಣದ ಗೋಡೆಯ ಹೊರಗೆ ಅದು ಏಕೆ ಅಸಾಧ್ಯವಾಗಬೇಕು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಲಾರಿಯ ಮಾಲಿಕನು ತಪ್ಪಿತಸ್ಥ, ಆದ್ದರಿಂದ ಕೊಡುತ್ತಾನೆ. ಬಾಂಬಿಟ್ಟವನು ಸರ್ಕಾರವಲ್ಲವಲ್ಲ? ಯಾರೋ ಮಾಡಿದ ಪಾಪಕ್ಕೆ ಬೊಕ್ಕಸ ಏಕೆ ದಂಡ ತೆರಬೇಕು? ಇದು ತಳ್ಳಿಹಾಕುವಂಥ ಪ್ರಶ್ನೆಯಲ್ಲ.

ಎರಡು ಉತ್ತರಗಳನ್ನು ಕೊಡಬಹುದು. ಒಂದು, ಆಯುಧ ಹಿಡಿಯುವ ಅಧಿಕಾರವನ್ನು ಪ್ರಜೆಗಳು ರಾಜ್ಯಕ್ಕೆ ಒಪ್ಪಿಸಿ ತಾವು ಬರಿಗೈಯಲ್ಲಿ ಬಾಳುತ್ತಿರುವುದು ರಕ್ಷಣೆಯ ಭರವಸೆಯ ಮೇಲೆ. ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕು ಆ ಭರವಸೆಯ ಲಿಖಿತ ರೂಪ. 1984ರ ದೆಹಲಿಯ ಗಲಭೆಯಲ್ಲಿ ಪತಿಯನ್ನು ಕಳೆದುಕೊಂಡ ಮಹಿಳೆಯೊಬ್ಬರ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟು 1996ರಲ್ಲಿ ಇದನ್ನೇ ಹೇಳಿತು. ಅವರಿಗೆ ಸಿಕ್ಕಿದ್ದುದು 20,000 ರೂಪಾಯಿ. ಜನರ ಜೀವವನ್ನು ಕಾಪಾಡುವುದು ರಾಜ್ಯದ ಕರ್ತವ್ಯ, ಅದರಲ್ಲಿ ಸೋತಾಗ ಪರಿಹಾರ ಕೊಡುವುದೂ ಕರ್ತವ್ಯ ಎಂದು ನ್ಯಾಯಾಲಯವು ಮೊತ್ತವನ್ನು 2 ಲಕ್ಷಕ್ಕೆ ಏರಿಸಿ, ಬಡ್ಡಿ ಸೇರಿಸಿ 3 ಲಕ್ಷ 50 ಸಾವಿರ ಕೊಡುವಂತೆ ಆಜ್ಞೆ ಮಾಡಿತು. ಆ ಗಲಭೆಯ ಸಂತ್ರಸ್ತರಿಗೆ ಕೇಂದ್ರ ಸರ್ಕಾರವು 2006ರಲ್ಲಿ ಮತ್ತೆ, 2014ರಲ್ಲಿ ಇನ್ನೊಮ್ಮೆ ಹಣ ಮಂಜೂರು ಮಾಡಿತು. ಗಲಭೆ ಬೇರೆ, ಭಯೋತ್ಪಾದನೆ ಬೇರೆ. ಆದರೆ ತತ್ತ್ವ ಒಂದೇ. ಮೂವತ್ತು ವರ್ಷಗಳಲ್ಲಿ ಕಂತು ಕಂತಾಗಿ ಬಂದ ಆ ಹಣವನ್ನು ಮೊದಲ ವರ್ಷವೇ ಕೊಟ್ಟಿದ್ದರೆ, ಆಗ ಐದಾರು ವರ್ಷದವರಾಗಿದ್ದ ಮಕ್ಕಳ ಶಾಲೆಗೆ ಒದಗುತ್ತಿತ್ತು.

ಇನ್ನೊಂದು ಉತ್ತರ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು. ನಮ್ಮ ನ್ಯಾಯಾಲಯದ ಆವರಣದಲ್ಲಿ ಬಾಂಬಿಟ್ಟವರಿಗೆ ಆ ಹೊತ್ತಿನಲ್ಲಿ ಅಲ್ಲಿಗೆ ಬರಬಹುದಾಗಿದ್ದ ಕಕ್ಷಿಗಾರನ ಮೇಲೆ ಹಗೆಯಿರಲಿಲ್ಲ. ಅವನು ಯಾವ ಊರಿನವನು, ಎಂಥವನು ಎಂಬುದೂ ಅವರಿಗೆ ಬೇಕಿರಲಿಲ್ಲ. ಅವರ ಗುರಿ ನ್ಯಾಯಾಲಯವೆಂಬ ಸಂಸ್ಥೆ, ಅದನ್ನು ನಡೆಸುವ ರಾಜ್ಯ, ಆ ರಾಜ್ಯವನ್ನು ಕಟ್ಟಿಕೊಂಡ ನಾವೆಲ್ಲರೂ. ಸಾಮಾನ್ಯ ಕೊಲೆಗಾರನು ಒಬ್ಬ ಮನುಷ್ಯನನ್ನು ಹುಡುಕಿಕೊಂಡು ಬರುತ್ತಾನೆ. ಭಯೋತ್ಪಾದಕನು ಕೈಗೆ ಸಿಕ್ಕಿದವನನ್ನು ರಾಜ್ಯದ ಬದಲಿಗೆ ಹೊಡೆಯುತ್ತಾನೆ. ಹಾಗೆ ಸತ್ತವನು ನಮ್ಮೆಲ್ಲರ ಪಾಲಿನ ಪೆಟ್ಟನ್ನು ತಿಂದವನು. ಅವನ ಮನೆಯವರಿಗೆ ನಾವು ತೆರುವುದು ದಂಡವಲ್ಲ, ದಾನವೂ ಅಲ್ಲ, ಋಣ.

ಋಣವೆಂದು ಒಪ್ಪಿದ ಮೇಲೆ ಅದನ್ನು ಅಳೆಯುವುದು ಹೇಗೆ? ಸಂಪಾದನೆಯ ಪ್ರಕಾರವೇ ಅಳೆಯಬೇಕೆ? ಹಾಗಾದರೆ ಹೆಚ್ಚು ಸಂಬಳದವನ ಮನೆಗೆ ಹೆಚ್ಚು, ಬಡವನ ಮನೆಗೆ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಸ್ಥಾಪಿಸಿದ ನಿಧಿಯಲ್ಲಿ ಇದೇ ತೊಡಕು ಎದುರಾಯಿತು. ಕಾನೂನಿನ ಪ್ರಕಾರ ಪ್ರತಿಯೊಬ್ಬನ ಸಂಪಾದನೆಯ ಲೆಕ್ಕ ಹಾಕಬೇಕಾಗಿತ್ತು. ಕುಟುಂಬಗಳಿಗೆ ಸಂದ ಮೊತ್ತದಲ್ಲಿ ಅಪಾರ ಅಂತರ ಬಂದಿತು. ಆ ನಿಧಿಯನ್ನು ನಿರ್ವಹಿಸಿದ ಕೆನೆತ್ ಫೈನ್‌ಬರ್ಗ್ ಎಂಬ ವಕೀಲರು ಮುಂದೆ ಪುಸ್ತಕವೊಂದನ್ನು ಬರೆದು, ಇಂಥ ಸಂದರ್ಭದಲ್ಲಿ ಎಲ್ಲರಿಗೂ ಒಂದೇ ಮೊತ್ತ ಕೊಡುವುದೇ ಲೇಸೆಂಬ ಅಭಿಪ್ರಾಯಕ್ಕೆ ತಾವು ಬಂದುದನ್ನು ತಿಳಿಸಿದರು.

ನನಗೆ ತೋರುವ ಮಧ್ಯಮಾರ್ಗ ಹೀಗೆ. ಜೀವಕ್ಕೆ ಸಲ್ಲುವ ಭಾಗ ಎಲ್ಲರಿಗೂ ಒಂದೇ ಇರಲಿ. ಅದರ ಮೇಲೆ, ನಂಬಿದವರ ಸಂಖ್ಯೆ ಮತ್ತು ವಯಸ್ಸನ್ನು ನೋಡಿ, ಜೀವನೋಪಾಯಕ್ಕೆ ಸಲ್ಲುವ ಭಾಗವೊಂದು ಸೇರಲಿ. ಅದಕ್ಕೆ ಒಂದು ಮೇಲ್ಮಿತಿಯಿರಲಿ. ಮನೆಯಲ್ಲೇ ದುಡಿಯುವ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕು. ಆಕೆಯ ಕೆಲಸವನ್ನು ಆದಾಯವೆಂದು ಎಣಿಸಿಯೇ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2021ರ ಜನವರಿಯಲ್ಲಿ ಅಪಘಾತದ ಮೊಕದ್ದಮೆಯೊಂದರಲ್ಲಿ ಒತ್ತಿ ಹೇಳಿದೆ. ಪ್ರಣಯ್ ಸೇಠಿ ತೀರ್ಪಿನಲ್ಲಿ ಕೆಲವು ಬಾಬುಗಳನ್ನು ಮೂರು ವರ್ಷಕ್ಕೊಮ್ಮೆ ಶೇಕಡಾ 10ರಂತೆ ಏರಿಸಬೇಕೆಂಬ ನಿಯಮವಿದೆ. ಅಂಥ ನಿಯಮ ಇಲ್ಲಿಯೂ ಇದ್ದರೆ, ಬೆಲೆಗಳು ಏರಿದಂತೆಲ್ಲ ಪರಿಹಾರವು ಕುಗ್ಗುತ್ತಾ ಹೋಗುವುದಿಲ್ಲ.

ಬದುಕಿ ಉಳಿದವರ ಮಾತನ್ನೂ ಇಲ್ಲಿ ಹೇಳಬೇಕು. ಶೇಕಡಾ 50ರ ಗೆರೆಯ ಕೆಳಗಿರುವವರು ಕೇಂದ್ರದ ಯೋಜನೆಯ ಹೊರಗೆ ಉಳಿಯುತ್ತಾರೆ. ಬೀಟೆ ಮರದ ಮೇಲೆ ಕುಸುರಿ ಕೂರಿಸುವ ನಮ್ಮ ಮೈಸೂರಿನ ಕುಶಲಕರ್ಮಿಯೊಬ್ಬನ ಬಲಗೈಯ ಎರಡು ಬೆರಳು ಹೋದವೆನ್ನಿ. ವೈದ್ಯರ ಪ್ರಮಾಣಪತ್ರದಲ್ಲಿ ಅದು 50ರ ಹತ್ತಿರಕ್ಕೂ ಬಾರದಿರಬಹುದು. ಅವನ ಕಸುಬಿನ ಮಟ್ಟಿಗೆ ಮಾತ್ರ ಅದು ನೂರಕ್ಕೆ ನೂರು. ಈ ವ್ಯತ್ಯಾಸವನ್ನೂ ಸರ್ವೋಚ್ಚ ನ್ಯಾಯಾಲಯವು ಅಪಘಾತದ ಮೊಕದ್ದಮೆಯೊಂದರಲ್ಲಿ ಬಿಡಿಸಿ ತೋರಿಸಿದೆ. ದೇಹದ ಊನವನ್ನಲ್ಲ, ಆ ಊನದಿಂದ ದುಡಿಮೆಗೆ ಬಂದ ಊನವನ್ನು ಅಳೆಯಬೇಕೆಂಬುದು ಅದರ ಸಾರ. ಮೋಟಾರು ಅಪಘಾತದಲ್ಲಿ ನಾವು ಕಲಿತ ಪಾಠ ಬಾಂಬಿನ ಗಾಯಕ್ಕೂ ಅನ್ವಯಿಸಬೇಕು.

ಮೂರನೆಯ ಕೊರತೆ ಕಾಲದ್ದು, ಕಾಗದಪತ್ರದ್ದು. ಸೂತಕ ಕಳೆಯುವ ಮುನ್ನವೇ ಪ್ರಥಮ ವರ್ತಮಾನ ವರದಿ, ಮರಣೋತ್ತರ ಪರೀಕ್ಷೆಯ ವರದಿ, ಮರಣಪತ್ರ, ವಂಶವೃಕ್ಷ, ಬ್ಯಾಂಕಿನ ಪುಸ್ತಕ ಎಂದು ಹೆಣ್ಣುಮಗಳೊಬ್ಬಳು ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ನಾವು ಕಂಡಿದ್ದೇವೆ. ಇವುಗಳಲ್ಲಿ ಬಹುಪಾಲು ಕಾಗದಗಳನ್ನು ಹುಟ್ಟಿಸುವುದು ಸರ್ಕಾರವೇ, ಕೇಳುವುದೂ ಸರ್ಕಾರವೇ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅವನ್ನು ಹೊತ್ತು ತರುವ ಕೆಲಸ ಮಾತ್ರ ನೊಂದವಳ ಪಾಲಿಗೆ. ಜಿಲ್ಲೆಯಲ್ಲಿ ಒಬ್ಬ ಅಧಿಕಾರಿಯನ್ನು ಇದಕ್ಕೆಂದು ಗೊತ್ತುಮಾಡಿ, ಅವರೇ ಮನೆಗೆ ಹೋಗಿ ಅರ್ಜಿ ಬರೆಸಿಕೊಳ್ಳಬೇಕೆಂದು ವಿಧಿಸಿದರೆ ಬೊಕ್ಕಸಕ್ಕೆ ಅದರಿಂದ ಹೊರೆಯೇನೂ ಆಗಲಾರದು.

ಪರಿಹಾರದ ಮಾತು ಬಂದಾಗ ನಾವು ಸಾಮಾನ್ಯವಾಗಿ ಮರೆಯುವ ಇನ್ನೊಂದು ವರ್ಗವುಂಟು. ಅದನ್ನು ಮರೆತರೆ ನ್ಯಾಯದ ತಕ್ಕಡಿ ಒಂದು ಕಡೆಗೆ ವಾಲುತ್ತದೆ. ವೀರಪ್ಪನ್ ಬೇಟೆಯ ಕಾಲದಲ್ಲಿ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಯಿಂದ ಕಾಡಂಚಿನ ಹಳ್ಳಿಗರು ಚಿತ್ರಹಿಂಸೆಗೆ ಒಳಗಾದರೆಂಬ ದೂರುಗಳು ಬಂದವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ತನಿಖಾ ಸಮಿತಿಯನ್ನು ನೇಮಿಸಿತು. ಅದರ ವರದಿಯ ಆಧಾರದ ಮೇಲೆ ಆಯೋಗವು 2007ರ ಜನವರಿಯಲ್ಲಿ 89 ಸಂತ್ರಸ್ತರಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. ಮೈಸೂರಿನ ಟಾಡಾ ಮೊಕದ್ದಮೆಗಳಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದ ಆರೋಪಿಗಳಲ್ಲಿ ಬಹುಪಾಲು ಜನ ಕೊನೆಗೆ ನಿರ್ದೋಷಿಗಳೆಂದು ಹೊರಬಂದರು.

ಇದೇ ಮೊಕದ್ದಮೆಗಳ ಇನ್ನೊಂದು ಮಗ್ಗುಲೂ ಉಂಟು. 2000ದಲ್ಲಿ ಡಾ. ರಾಜಕುಮಾರ್ ಅವರು ಅಪಹರಣಕಾರರ ಒತ್ತೆಯಲ್ಲಿದ್ದಾಗ, ಅವರ ಬಿಡುಗಡೆಗಾಗಿ ಸರ್ಕಾರವು ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಹೊರಟಿತು. ಆಗ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿ ಅದನ್ನು ತಡೆದವರು, 1992ರಲ್ಲಿ ಮಡಿದ ಶಕೀಲ್ ಅಹಮದರ ತಂದೆ. ಆ ಮುದುಕರು ಕೇಳಿದ್ದು ಹಣವನ್ನಲ್ಲ. ತಮ್ಮ ಮಗನ ಸಾವನ್ನು ವ್ಯವಹಾರದ ಚೌಕಾಸಿಗೆ ಇಡಬೇಡಿರೆಂದು. ಒಂದು ಕಡೆ ಮಗನನ್ನು ಕಳೆದುಕೊಂಡ ತಂದೆ, ಇನ್ನೊಂದು ಕಡೆ ನಿರಪರಾಧಿಯಾಗಿಯೂ ಸೆರೆಮನೆಯಲ್ಲಿ ಯೌವನ ಕಳೆದವನು. ಇಬ್ಬರ ಋಣವೂ ನಮ್ಮ ಮೇಲಿದೆ. ಒಂದನ್ನು ತೀರಿಸಲು ಇನ್ನೊಂದನ್ನು ಅಲ್ಲಗಳೆಯಬೇಕಾಗಿಲ್ಲ.

ಹಣವನ್ನು ಎಲ್ಲಿಂದ ತರುವುದೆಂಬ ಪ್ರಶ್ನೆ ಉಳಿಯಿತು. ಫ್ರಾನ್ಸ್ ದೇಶವು 1986ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿತು. ಅಲ್ಲಿ ಆಸ್ತಿವಿಮೆ ಮಾಡಿಸುವ ಪ್ರತಿಯೊಬ್ಬನೂ ತನ್ನ ಕಂತಿನೊಡನೆ ಒಂದು ಅಲ್ಪಮೊತ್ತವನ್ನು ಸಲ್ಲಿಸುತ್ತಾನೆ. ಅದು ಒಂದು ನಿಧಿಗೆ ಸೇರುತ್ತದೆ. ಭಯೋತ್ಪಾದನೆಗೆ ಸಿಕ್ಕಿದವರ ಪೂರ್ಣ ನಷ್ಟವನ್ನು ಆ ನಿಧಿಯಿಂದ ತುಂಬಿಕೊಡುತ್ತಾರೆ. ಒಬ್ಬನ ತಲೆಯ ಮೇಲೆ ಬಿದ್ದ ಹೊರೆಯನ್ನು ಕೋಟಿ ಜನರು ಹಂಚಿಕೊಂಡರೆ ಪ್ರತಿಯೊಬ್ಬನಿಗೂ ಅದು ಕಾಣದಷ್ಟು ಹಗುರವಾಗುತ್ತದೆ. ನಮ್ಮಲ್ಲಿಯೂ ಪ್ರತಿ ವಾಹನದ ಒಡೆಯನು ವಿಮೆಯ ಕಂತು ಕಟ್ಟುತ್ತಿರುವುದರಿಂದಲೇ ನಮ್ಮ ಲೆಕ್ಕದ ಆ ಚಾಲಕನ ಮನೆಗೆ 40 ಲಕ್ಷ ಬರಲು ಸಾಧ್ಯ. ಅದೇ ಉಪಾಯವನ್ನು ಇಲ್ಲಿಗೂ ಹೊಂದಿಸಿಕೊಳ್ಳಬಹುದು.

ಆದ್ದರಿಂದ ನಾವು ಕೇಳಬೇಕಾದದ್ದು ಹೆಚ್ಚಿನ ಔದಾರ್ಯವನ್ನಲ್ಲ. ಇಡೀ ದೇಶಕ್ಕೆ ಒಂದೇ ಆಗಿ ಅನ್ವಯಿಸುವ ಒಂದು ಕಾಯಿದೆಯನ್ನು. ಸತ್ತವನು ಯಾವ ರಾಜ್ಯದವನು, ಸತ್ತದ್ದು ರೈಲಿನಲ್ಲೋ ಬೀದಿಯಲ್ಲೋ, ಆ ವಾರ ಪತ್ರಿಕೆಗಳು ಎಷ್ಟು ಬರೆದವು ಎಂಬುದನ್ನು ನೋಡದೆ, ಎಷ್ಟು ಸಲ್ಲಬೇಕು, ಎಷ್ಟು ದಿನದೊಳಗೆ ಸಲ್ಲಬೇಕು, ಸಲ್ಲದಿದ್ದರೆ ಎಲ್ಲಿ ಕೇಳಬೇಕು ಎಂಬ ಮೂರು ಮಾತುಗಳನ್ನು ಅದು ಸ್ಪಷ್ಟವಾಗಿ ಹೇಳಲಿ. ಅಲ್ಲಿಯವರೆಗೆ, ಈಗಿರುವ ಬಾಗಿಲುಗಳನ್ನಾದರೂ ನೊಂದವರಿಗೆ ತೋರಿಸಿಕೊಡುವುದು ಓದುಬರಹ ಬಲ್ಲ ನೆರೆಹೊರೆಯವರ ಕೆಲಸ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಲು ಅಪರಾಧಿ ಸಿಕ್ಕುವವರೆಗೆ ಕಾಯಬೇಕಾಗಿಲ್ಲ ಎಂಬ ಒಂದು ವಾಕ್ಯವನ್ನು ಸರಿಯಾದ ಹೊತ್ತಿಗೆ ಹೇಳುವವರು ಇದ್ದರೆ, ಒಂದು ಮನೆಯ ಮಕ್ಕಳು ಆ ವರ್ಷ ಶಾಲೆ ಬಿಡದೆ ಉಳಿಯಬಹುದು.

(ಬಾನುಲಿ ಭಾಷಣ)